ಸಾಕೆನ್ನುವ ಅಧಿಕಾರ ಊರಿನದಾಗಲಿ

ನಮ್ಮ ಸರಕಾರಗಳು ಪ್ರವಾಸೋದ್ಯಮದ ಏಳ್ಗೆಯನ್ನು ಅಳೆಯಲು ಇಟ್ಟುಕೊಂಡಿರುವ ಮಾನದಂಡ ಒಂದೇ. ಅದು ತಲೆಗಳ ಎಣಿಕೆ. ಹೋದ ವರ್ಷ ಇಷ್ಟು ಮಂದಿ ಬಂದಿದ್ದರು, ಈ ವರ್ಷ ಇಷ್ಟು ಮಂದಿ ಬಂದರು, ಬರುವ ವರ್ಷ ಇನ್ನೂ ಇಷ್ಟು ಮಂದಿ ಬರುವಂತೆ ಮಾಡಲಾಗುವುದು ಎಂಬಲ್ಲಿಗೆ ಸಚಿವರ ಭಾಷಣವೂ ಮುಗಿಯುತ್ತದೆ, ಇಲಾಖೆಯ ವರದಿಯೂ ಮುಗಿಯುತ್ತದೆ. ಬಂದವರು ಕೊಟ್ಟ ಹಣದಲ್ಲಿ ಊರಿನ ಎಲ್ಲೆಯೊಳಗೆ ನಿಂತದ್ದೆಷ್ಟು, ಅವರು ಮಿಂದ ನೀರು ಯಾರ ಕೊಳವೆಬಾವಿಯದು, ಬಿಟ್ಟುಹೋದ ಕಸವನ್ನು ಹೊತ್ತವರಾರು, ಅವರ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡು ಆಸ್ಪತ್ರೆಗೆ ತಡವಾಗಿ ಸೇರಿದ ಊರಿನ ರೋಗಿಗಳೆಷ್ಟು ಎಂಬ ಪ್ರಶ್ನೆಗಳನ್ನು ಯಾವ ಕೋಷ್ಟಕವೂ ಕೇಳುವುದಿಲ್ಲ. ಕೇಂದ್ರ ಸರಕಾರವು 2014-15ರಲ್ಲಿ ಆರಂಭಿಸಿದ ‘ಸ್ವದೇಶ ದರ್ಶನ’ ಯೋಜನೆಯನ್ನು ಕೆಲವು ವರ್ಷಗಳ ಅನಂತರ ಪರಿಷ್ಕರಿಸಿ, ಸುಸ್ಥಿರತೆಯನ್ನೂ ಹೊಣೆಗಾರಿಕೆಯನ್ನೂ ಅದರ ಧ್ಯೇಯಗಳೊಳಗೆ ಸೇರಿಸಿತು. ರಾಜ್ಯಗಳೂ ತಮ್ಮ ತಮ್ಮ ನೀತಿಪತ್ರಗಳಲ್ಲಿ ಆ ಮಾತುಗಳನ್ನು ಭಕ್ತಿಯಿಂದ ಪುನರುಚ್ಚರಿಸಿವೆ. ಅವುಗಳ ಪ್ರಾಮಾಣಿಕತೆಯನ್ನು ಶಂಕಿಸುವುದು ಈ ಲೇಖನದ ಉದ್ದೇಶವಲ್ಲ. ನನ್ನ ಜಿಜ್ಞಾಸೆ ಇನ್ನೂ ಪ್ರಾಥಮಿಕವಾದುದು: ಒಂದು ಸ್ಥಳಕ್ಕೆ ಬರುವವರ ಸಂಖ್ಯೆ ಆ ಸ್ಥಳದ ಧಾರಣಶಕ್ತಿಯನ್ನು ಮೀರಿದಾಗ, ಇಷ್ಟು ಸಾಕು ಎಂದು ಹೇಳುವ ಅಧಿಕಾರ ಯಾರದು?

ಹಿಂದಿನ ಕಾಲದ ತೀರ್ಥಯಾತ್ರೆಗೆ ಈ ಪ್ರಶ್ನೆಯೇ ಇರಲಿಲ್ಲವೆಂದು ಹೇಳುವವರುಂಟು. ದಾರಿ ದೂರವಾಗಿತ್ತು, ನಡಿಗೆ ಕಷ್ಟವಾಗಿತ್ತು, ಋತುವಿನ ಕಟ್ಟಳೆಯಿತ್ತು, ವ್ರತದ ನಿಯಮವಿತ್ತು. ಆದುದರಿಂದ ಜನಪ್ರವಾಹಕ್ಕೆ ಮಿತಿಯೆಂಬುದು ತಾನಾಗಿಯೇ ಏರ್ಪಟ್ಟಿತ್ತು ಎಂಬುದು ಅವರ ವಾದ. ಆ ಕಾಲವನ್ನು ವಿಶೇಷವಾಗಿ ಕೊಂಡಾಡಬೇಕಾದ ಕಾರಣವೇನೂ ಕಾಣದು. ಜಾತ್ರೆ ಮುಗಿಸಿ ಮರಳುವ ಜನರೊಡನೆ ಕಾಲರಾ ಕೂಡ ಹಳ್ಳಿಯಿಂದ ಹಳ್ಳಿಗೆ ನಡೆದುಹೋಗುತ್ತಿದ್ದುದನ್ನು ನಮ್ಮ ಅಜ್ಜಂದಿರ ತಲೆಮಾರು ಮರೆತಿರಲಿಲ್ಲ. ಆದರೂ ಒಂದು ಅಂಶವನ್ನು ಒಪ್ಪಬೇಕು. ಛತ್ರವನ್ನು ಕಟ್ಟಿಸಿದವನೂ ಅರವಟ್ಟಿಗೆಯನ್ನು ಇಟ್ಟವನೂ ಬಹುಮಟ್ಟಿಗೆ ಆ ಸೀಮೆಯವನೇ ಆಗಿದ್ದನಾದ ಕಾರಣ ಅವನಿಗೆ ತನ್ನ ಬಾವಿಯ ಆಳ ಗೊತ್ತಿತ್ತು. ಇಂದು ದೂರದ ಮಹಾನಗರವೊಂದರ ಕಛೇರಿಯಲ್ಲಿ ಕುಳಿತು, ಮೊಬೈಲ್ ಪರದೆಯ ಮೇಲೆ ಮಲೆನಾಡಿನ ಕೊಠಡಿಯನ್ನು ಮಾರತಕ್ಕವನಿಗೆ ಅಲ್ಲೊಂದು ಬಾವಿ ಇದೆಯೆಂಬುದೂ ತಿಳಿಯದು.

ಹಂಪೆಯ ಕಳೆದ ನಾಲ್ಕು ದಶಕಗಳ ಚರಿತ್ರೆಯನ್ನು ಈ ಪ್ರಶ್ನೆಯ ಬೆಳಕಿನಲ್ಲಿ ಓದಿಕೊಳ್ಳುವುದು ಉಪಯುಕ್ತ. 1986ರಲ್ಲಿ ಯುನೆಸ್ಕೊ ಸಂಸ್ಥೆಯು ಅಲ್ಲಿಯ ಸ್ಮಾರಕ ಸಮೂಹವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಆ ಗೌರವದಿಂದ ನಾಡಿಗೆಲ್ಲ ಹರ್ಷವಾಯಿತಾದರೂ, ವಿರೂಪಾಕ್ಷನ ರಥಬೀದಿಯ ಇಕ್ಕೆಲದ ಸಾಲುಮಂಟಪಗಳಲ್ಲಿ ಗೋಡೆ ಎಬ್ಬಿಸಿಕೊಂಡು ಅಂಗಡಿಯನ್ನೂ ಮನೆಯನ್ನೂ ಮಾಡಿಕೊಂಡಿದ್ದವರಿಗೆ ಆ ಪಟ್ಟಿಯಿಂದ ತಮ್ಮ ಮೇಲೆ ಬೀಳುವ ಹೊಣೆಯೇನು, ತಮಗೆ ಉಳಿಯುವ ಹಕ್ಕೇನು ಎಂಬುದು ಸ್ಪಷ್ಟವಾಗಲಿಲ್ಲ. 1999ರಲ್ಲಿ ಅದೇ ಸಂಸ್ಥೆ ಹಂಪೆಯನ್ನು ಅಪಾಯಕ್ಕೀಡಾದ ಪರಂಪರೆಯ ಪಟ್ಟಿಗೆ ಇಳಿಸಿತು. ತುಂಗಭದ್ರೆಯ ಮೇಲೆ, ಸ್ಮಾರಕಗಳ ನಡುವೆಯೇ, ಎರಡು ತೂಗುಸೇತುವೆಗಳು ಏಳುತ್ತಿದ್ದುದು ಅದಕ್ಕೆ ಕಾರಣ. 2002ರಲ್ಲಿ ರಾಜ್ಯವು ಹಂಪೆಗಾಗಿಯೇ ಪ್ರತ್ಯೇಕವಾದ ಒಂದು ನಿರ್ವಹಣಾ ಪ್ರಾಧಿಕಾರದ ಕಾಯ್ದೆಯನ್ನು ಮಾಡಿತು. 2006ರಲ್ಲಿ ಅಪಾಯದ ಪಟ್ಟಿಯಿಂದ ಹೆಸರು ಇಳಿಯಿತು. 2009ರ ಜನವರಿಯಲ್ಲಿ, ಆ ಎರಡು ಸೇತುವೆಗಳಲ್ಲೊಂದಾದ, ಅರ್ಧ ಕಟ್ಟಿದ್ದ ಆನೆಗೊಂದಿಯ ಸೇತುವೆ ಹಲವು ಕೂಲಿಕಾರರ ಪ್ರಾಣವನ್ನು ತೆಗೆದುಕೊಂಡು ನದಿಗೆ ಕುಸಿಯಿತು.

ಸೇತುವೆಯ ಪ್ರಕರಣದಲ್ಲಿ ಪರಂಪರೆಯ ರಕ್ಷಕರು ಸಜ್ಜನರು, ಹಳ್ಳಿಗರು ಅಜ್ಞಾನಿಗಳು ಎಂದು ಭಾವಿಸಿದವರು ಅಂದು ಬಹಳ ಮಂದಿ ಇದ್ದರು, ಇಂದೂ ಇಲ್ಲದಿಲ್ಲ. ಆದರೆ ಹೊಳೆ ತುಂಬಿ ಬಂದ ದಿನಗಳಲ್ಲಿ ಹರಿಗೋಲು ನಿಂತುಹೋದರೆ ಎದುರು ದಡದ ಆಸ್ಪತ್ರೆಗೋ ಶಾಲೆಗೋ ಹೋಗತಕ್ಕ ಆನೆಗೊಂದಿಯ ಕಡೆಯವರು ಎಷ್ಟೋ ಹರದಾರಿ ಸುತ್ತಬೇಕಾಗಿತ್ತೆಂಬುದನ್ನು ನೆನೆದರೆ, ಸೇತುವೆಯ ಬೇಡಿಕೆಯಲ್ಲಿ ಅವಿವೇಕವೇನೂ ತೋರದು. ಬೇಕಾಗಿದ್ದುದು ಸೇತುವೆ, ಬೇಡವಾಗಿದ್ದುದು ಅದರ ಸ್ಥಳ. ಕಡೆಗೆ ಸೇತುವೆ ಆದದ್ದು ಕೆಳಗೆ, ಬುಕ್ಕಸಾಗರದ ಬಳಿ. ಊರಿನವರನ್ನೂ ಶಾಸ್ತ್ರಜ್ಞರನ್ನೂ ಒಂದೇ ಚಾವಡಿಯಲ್ಲಿ ಮೊದಲೇ ಕೂಡಿಸಿದ್ದರೆ ಆ ತೀರ್ಮಾನಕ್ಕೆ ಬರಲು ಅಷ್ಟು ವರ್ಷಗಳೂ ಅಷ್ಟು ಪ್ರಾಣಗಳೂ ವ್ಯಯವಾಗಬೇಕಾಗಿರಲಿಲ್ಲವೆಂದು ನಾನು ನಂಬಿದ್ದೇನೆ.

2011ರ ಜುಲೈಯಲ್ಲಿ ನ್ಯಾಯಾಲಯದ ಆದೇಶದ ಹಿನ್ನೆಲೆಯಲ್ಲಿ ರಥಬೀದಿಯ ಮನೆಗಳನ್ನು ಯಂತ್ರಗಳಿಂದ ಕೆಡವಲಾಯಿತು. ಅಲ್ಲಿದ್ದ ನೂರಾರು ಕುಟುಂಬಗಳಿಗೆ ಕಡ್ಡಿರಾಂಪುರದಲ್ಲಿ ನಿವೇಶನಗಳನ್ನು ತೋರಿಸಲಾಯಿತು. ಇಟ್ಟಿಗೆ ಗಾರೆಗಳಿಂದ ಮುಚ್ಚಿಹೋಗಿದ್ದ ಕಲ್ಲಿನ ಕಂಬಗಳು ಮರಳಿ ಕಣ್ಣಿಗೆ ಬಿದ್ದುವು ಎಂಬುದು ನಿಜ. ಸ್ಮಾರಕದ ದೃಷ್ಟಿಯಿಂದ ಅದು ಲಾಭವೇ. ಆದರೆ ಹುಟ್ಟಿದಂದಿನಿಂದಲೂ ಪೇಟೆಯೇ ಆಗಿದ್ದ ಬೀದಿಯನ್ನು ಉಳಿಸುವ ಹೆಸರಿನಲ್ಲಿ ಅಲ್ಲಿಂದ ವ್ಯಾಪಾರಿಯನ್ನು ಎಬ್ಬಿಸಿದ ವೈಚಿತ್ರ್ಯವನ್ನು ಗಮನಿಸಬೇಕು. ಆ ಮಂಟಪಗಳ ಮುಂದೆ ತೆಂಗಿನಕಾಯಿ, ಬಾಳೆಹಣ್ಣು, ಕುಂಕುಮಗಳನ್ನು ಮಾರುತ್ತಿದ್ದವನು ಹಂಪೆಗೆ ಶತ್ರುವಾಗಿರಲಿಲ್ಲ. ಅವನ ಹಿಂದೆ ಒಂದರ ಮೇಲೊಂದು ಅಂತಸ್ತು ಏರಿಸುತ್ತಿದ್ದವನು ಶತ್ರುವಾಗಿದ್ದನೆಂದೇ ಇಟ್ಟುಕೊಳ್ಳೋಣ. ಇಬ್ಬರನ್ನು ಬೇರ್ಪಡಿಸಿ ನೋಡುವ ಸೂಕ್ಷ್ಮತೆ ಯಂತ್ರಕ್ಕಿಲ್ಲ. ಹಾಗೆ ಬೇರ್ಪಡಿಸಿ ನೋಡಬಲ್ಲವರು ಊರಿನವರು. ಅವರಿಗೆ ಆ ಅಧಿಕಾರವಿರಲಿಲ್ಲ.

ಇನ್ನು ಹೊಳೆಯ ಆಚೆಯ ವಿರೂಪಾಪುರ ಗಡ್ಡೆಯ ಕಥೆ. ಬತ್ತದ ಗದ್ದೆಗಳ ನಡುವೆ, ಕೃಷಿಯ ಭೂಮಿಯಲ್ಲಿ, ಅನುಮತಿಯಿಲ್ಲದೆ ಒಂದೊಂದಾಗಿ ಎದ್ದ ವಸತಿಗೃಹಗಳು ಸಮುದ್ರದಾಚೆಯ ತರುಣರ ಬಾಯಲ್ಲಿ ಆ ಗಡ್ಡೆಗೆ ಒಂದು ಹೊಸ ಖ್ಯಾತಿಯನ್ನು ಗಳಿಸಿಕೊಟ್ಟುವು. ವರ್ಷಗಟ್ಟಲೆ ಅದನ್ನು ಕಂಡೂ ಕಾಣದಂತಿದ್ದ ಆಡಳಿತ, 2020ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತೆರವಿನ ಆದೇಶವನ್ನು ಎತ್ತಿಹಿಡಿದೊಡನೆ, ಮಾರ್ಚ್ ತಿಂಗಳಿನಲ್ಲಿ ಕೆಲವೇ ದಿನಗಳೊಳಗೆ ಅವನ್ನೆಲ್ಲ ನೆಲಸಮ ಮಾಡಿತು. ಫಲವೇನಾಯಿತು? ಗಡ್ಡೆ ಬರಿದಾಯಿತು; ಸಣಾಪುರ, ಹನುಮನಹಳ್ಳಿಗಳ ಸುತ್ತ ಹೊಸ ವಸತಿಗೃಹಗಳು ಎದ್ದುವು. ಜನಪ್ರವಾಹವನ್ನು ಒಂದು ಕಡೆ ತಡೆದರೆ ಇನ್ನೊಂದು ಕಡೆ ಹರಿಯುವುದೆಂಬುದು ಅನಿರೀಕ್ಷಿತವಾದ ಸಂಗತಿಯೇನಲ್ಲ. ಈ ಮಧ್ಯೆ, 2019ರಲ್ಲಿ, ಆನೆಲಾಯದ ಹಿಂದಿನ ವಿಷ್ಣುದೇವಾಲಯದ ಆವರಣದಲ್ಲಿ ಕೆಲವು ಯುವಕರು ಕಂಬವನ್ನು ತಳ್ಳಿ ಬೀಳಿಸುವ ಚಿತ್ರ ದೇಶವೆಲ್ಲ ಹರಡಿ, ನ್ಯಾಯಾಲಯವು ದಂಡದೊಡನೆ ಅವರ ಕೈಯಿಂದಲೇ ಕಂಬಗಳನ್ನು ಮತ್ತೆ ಎತ್ತಿ ನಿಲ್ಲಿಸಿದುದನ್ನು ಓದುಗರು ಬಲ್ಲರು. ನಮ್ಮ ಕಾಲದ ಶಿಕ್ಷೆಗಳಲ್ಲಿ ನನಗೆ ಮೆಚ್ಚುಗೆಯಾದ ಕೆಲವೇ ಶಿಕ್ಷೆಗಳಲ್ಲಿ ಅದೊಂದು.

ಈ ನಾಲ್ಕು ದಶಕಗಳಲ್ಲಿ ಹಂಪೆಗೆ ಸಂಬಂಧಿಸಿ ಸಾಕು ಎಂಬ ಮಾತು ಬಂದದ್ದು ಪ್ಯಾರಿಸ್ಸಿನಿಂದ, ಬೆಂಗಳೂರಿನಿಂದ, ದಿಲ್ಲಿಯಿಂದ; ಪಕ್ಕದ ಕಮಲಾಪುರದಿಂದಲ್ಲ, ಆನೆಗೊಂದಿಯಿಂದಲ್ಲ. ಹೊರಗಿನಿಂದ ಬಂದ ಮಾತು ತಪ್ಪಾಗಿತ್ತೆಂದು ನಾನು ಹೇಳುತ್ತಿಲ್ಲ. ಅದು ಪ್ರತಿಸಲವೂ ತಡವಾಗಿ ಬಂದಿತು. ತಡವಾಗಿ ಬಂದುದರಿಂದ ಕಠೋರವಾಗಿಯೂ ಬಂದಿತು.

ಇತರ ಸ್ಥಳಗಳ ಕಥೆ ಇದಕ್ಕಿಂತ ಭಿನ್ನವಲ್ಲ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ಕಾಲುದಾರಿಯಲ್ಲಿ ಮಹಾನಗರದ ಸಂತೆಬೀದಿಯನ್ನು ನಾಚಿಸುವಷ್ಟು ಜನ ನೆರೆದ ಮೇಲೆ ಅರಣ್ಯ ಇಲಾಖೆ ಎಚ್ಚತ್ತು, ಚಾರಣವನ್ನು ನಿಲ್ಲಿಸಿ, ಅನಂತರ ದಿನಕ್ಕೆ ಒಂದು ದಾರಿಗೆ 300 ಮಂದಿ ಎಂಬ ಮಿತಿಯನ್ನು ವಿಧಿಸಿತು. ನಾಡಿನ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಗೆ ಮುಂಗಡವಾಗಿ ಕಾಯ್ದಿರಿಸಿದ ವಾಹನಗಳಿಗೆ ಮಾತ್ರ ಪ್ರವೇಶವೆಂಬ ಕಟ್ಟಳೆ ಬಂದುದು 2025ರಲ್ಲಿ. ಉದಕಮಂಡಲಕ್ಕೂ ಕೊಡೈಕಾನಲ್ಲಿಗೂ 2024ರ ಮೇ ತಿಂಗಳಿನಿಂದ ಇ-ಪಾಸ್ ಕಡ್ಡಾಯವಾಯಿತು. ಮರುವರ್ಷ ಉದಕಮಂಡಲಕ್ಕೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನಗಳೆಂದು ಮದರಾಸಿನ ಉಚ್ಚ ನ್ಯಾಯಾಲಯ ಗೊತ್ತುಮಾಡಿತು. ನೀಲಗಿರಿಯ ಒಂದು ರಸ್ತೆ ಎಷ್ಟು ಗಾಡಿಗಳನ್ನು ಹೊರಬಲ್ಲದೆಂಬುದನ್ನು ನಿರ್ಣಯಿಸುವುದು ನ್ಯಾಯಾಧೀಶರ ಪಾಲಿಗೆ ಬಂದಿತೆಂದರೆ, ಅವರಿಗಿಂತ ಕೆಳಗೆ ಎಷ್ಟು ಮಂದಿ ತಮ್ಮ ಕೆಲಸವನ್ನು ಮಾಡಲಿಲ್ಲ ಎಂಬುದನ್ನು ಊಹಿಸಿಕೊಳ್ಳಬಹುದು.

ಊರು ಏಕೆ ಮೌನವಾಗಿದೆ? ಅದಕ್ಕೆ ಸಂವಿಧಾನದಲ್ಲಿಯೇ ಒಂದು ಉತ್ತರವಿದೆ. 73ನೆಯ ತಿದ್ದುಪಡಿಯ ಮೂಲಕ ಸೇರಿದ ಹನ್ನೊಂದನೆಯ ಅನುಸೂಚಿಯು ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಹೆಸರಿಸುತ್ತದೆ. ಕುಡಿಯುವ ನೀರು ಅಲ್ಲಿದೆ, ಆರೋಗ್ಯ ಮತ್ತು ನೈರ್ಮಲ್ಯವಿದೆ, ರಸ್ತೆ, ಮೋರಿ, ಸೇತುವೆಗಳಿವೆ, ಸಂತೆ ಜಾತ್ರೆಗಳಿವೆ, ಗ್ರಂಥಾಲಯ ಕೂಡ ಇದೆ. ಪ್ರವಾಸೋದ್ಯಮವಿಲ್ಲ. ಅರ್ಥಾತ್ ಪ್ರವಾಸಿಯು ಕುಡಿಯುವ ನೀರು, ತುಳಿಯುವ ರಸ್ತೆ, ಬಿಸುಡುವ ಬಾಟಲಿ, ಅವನ ಶೌಚದ ವ್ಯವಸ್ಥೆ ಎಲ್ಲವೂ ಪಂಚಾಯತಿಯ ಹೊಣೆ. ಪ್ರವಾಸಿಯು ಮಾತ್ರ ಪಂಚಾಯತಿಯವನಲ್ಲ. ಅವನು ಕೊಠಡಿಯ ಬಾಡಿಗೆಯೊಡನೆ ತೆರುವ ಸರಕು ಮತ್ತು ಸೇವಾ ತೆರಿಗೆಯು ಕೇಂದ್ರಕ್ಕೂ ರಾಜ್ಯಕ್ಕೂ ಸಲ್ಲುತ್ತದೆ. ಸ್ಮಾರಕದ ಬಾಗಿಲಿನ ಚೀಟಿಯ ಹಣ ಪುರಾತತ್ವ ಇಲಾಖೆಗೆ, ಕಾಡಿನ ಬಾಗಿಲಿನದು ಅರಣ್ಯ ಇಲಾಖೆಗೆ. ಗ್ರಾಮ ಪಂಚಾಯತಿಗೆ ಉಳಿಯುವುದು ಕಟ್ಟಡದ ಮೇಲಿನ ಕಂದಾಯವೂ ಒಂದಿಷ್ಟು ಪರವಾನಗಿ ಶುಲ್ಕವೂ. ಮತ್ತೆ, ಸೋಮವಾರ ಬೆಳಗಿನ ಕಸ.

ನಮ್ಮ ರಾಜ್ಯದ 1993ರ ಪಂಚಾಯತ್ ರಾಜ್ ಅಧಿನಿಯಮದಲ್ಲಿ ಒಂದು ಸಣ್ಣ ಕಿಂಡಿ ಉಂಟು. ಜಾತ್ರೆ ಉತ್ಸವಗಳಿಗೆ ಬರುವ ಯಾತ್ರಿಕರಿಗೆ ನೀರು, ಆರೋಗ್ಯ, ನೈರ್ಮಲ್ಯಗಳ ವ್ಯವಸ್ಥೆಯನ್ನು ಪಂಚಾಯತಿಯು ಮಾಡಿದಲ್ಲಿ ಅವರಿಂದ ಶುಲ್ಕವನ್ನು ಪಡೆಯಲು ಅಲ್ಲಿ ಅವಕಾಶವಿದೆ. ಆ ಕಾಯ್ದೆಯನ್ನು ರಚಿಸಿದವರ ಕಣ್ಣ ಮುಂದೆ ಇದ್ದುದು ವರ್ಷಕ್ಕೊಮ್ಮೆ ಸೇರಿ ಚದುರುವ ಜಾತ್ರೆ. ಪ್ರತಿ ಶನಿವಾರವೂ ಜಾತ್ರೆಯೇ ಆಗುವ ಕಾಲವನ್ನು ಅವರು ಕಲ್ಪಿಸಿಕೊಂಡಿರಲಾರರು. ಆ ವಿಧಿಯನ್ನು ಇಂದಿನ ಅವಸ್ಥೆಗೆ ತಕ್ಕಂತೆ ವಿಸ್ತರಿಸಲು ಶಾಸನಸಭೆಗೆ ಒಂದು ಅಧಿವೇಶನ ಸಾಕು.

ಇಷ್ಟನ್ನು ಓದಿದವರು ನಾನು ಪ್ರವಾಸೋದ್ಯಮದ ವಿರೋಧಿಯೆಂದು ತಿಳಿಯಬಾರದು. ಕೊಡಗಿನಲ್ಲಿ ತೊಂಬತ್ತರ ದಶಕದ ಕೊನೆಯಿಂದ ಕೆಲವು ವರ್ಷ ಕಾಫಿಯ ಬೆಲೆ ಪಾತಾಳಕ್ಕೆ ಇಳಿದಿದ್ದಾಗ, ಸಣ್ಣ ಬೆಳೆಗಾರರ ಎಷ್ಟೋ ಮನೆಗಳನ್ನು ಸಾಲದ ಶೂಲದಿಂದ ಪಾರುಮಾಡಿದುದು ಹೋಂಸ್ಟೇ ಎಂಬ ಈ ಹೊಸ ಏರ್ಪಾಡೇ. ದೊಡ್ಡ ಮನೆ, ಮಕ್ಕಳು ಬೆಂಗಳೂರಿನಲ್ಲಿ, ಖಾಲಿ ಬಿದ್ದ ಎರಡು ಕೋಣೆ. ಅವನ್ನು ಗುಡಿಸಿ ಒಪ್ಪಗೊಳಿಸಿ ಅತಿಥಿಗಳನ್ನು ಇರಿಸಿಕೊಂಡ ಗೃಹಿಣಿಗೆ ತನ್ನ ಕೈಯ ಕಡಂಬುಟ್ಟು ಪಂದಿಕರಿಗಳಿಗೆ ಬೆಲೆಯುಂಟೆಂಬುದು ಮೊದಲ ಸಲ ತಿಳಿಯಿತು. ತೋಟದ ಲೆಕ್ಕ ಗಂಡನ ಹೆಸರಿನಲ್ಲಿತ್ತು. ಈ ಲೆಕ್ಕ ಅವಳದಾಯಿತು. ಇದು ಸಾಮಾನ್ಯವಾದ ಬದಲಾವಣೆಯಲ್ಲ. ಕಾರ್ಖಾನೆಗೆ ಬಂಡವಾಳ ಬೇಕು, ಸರಕಾರಿ ನೌಕರಿಗೆ ವಿದ್ಯಾರ್ಹತೆ ಬೇಕು. ತನ್ನ ಅಡುಗೆಮನೆ, ತನ್ನ ಮಾತು, ತನ್ನ ಊರಿನ ಪರಿಚಯ ಇವುಗಳನ್ನೇ ಮೂಲಧನವಾಗಿ ಮಾಡಿಕೊಳ್ಳಬಹುದಾದ ಉದ್ಯೋಗ ಇನ್ನೊಂದು ಸುಲಭವಾಗಿ ದೊರೆಯದು.

ಆದರೆ ಅದೇ ಹೆಸರಿನಡಿಯಲ್ಲಿ ಈಗ ನಡೆಯುತ್ತಿರುವುದನ್ನು ನೋಡಿರಿ. ಮನೆಯೊಡೆಯನು ಅದೇ ಮನೆಯಲ್ಲಿ ವಾಸಿಸಬೇಕೆಂಬುದು ಹೋಂಸ್ಟೇಯ ತತ್ವ. ವಾಸ್ತವದಲ್ಲಿ ಬೇರೆ ಊರಿನ ಯಾರೋ ಗುತ್ತಿಗೆಗೆ ಹಿಡಿದ ಮನೆ, ಅದನ್ನು ನೋಡಿಕೊಳ್ಳಲು ಇನ್ನೂ ದೂರದಿಂದ ಬಂದ ಇಬ್ಬರು ಹುಡುಗರು, ಗುಡ್ಡದ ಅಂಚನ್ನು ಕಡಿದು ಸಮಗೊಳಿಸಿ ಮಾಡಿದ ಈಜುಕೊಳ ಇವೇ ಅನೇಕ ಕಡೆ ಹೋಂಸ್ಟೇ ಎಂದು ಕರೆಯಿಸಿಕೊಳ್ಳುತ್ತಿವೆ. ಮಾಂದಲಪಟ್ಟಿಯ ದಾರಿಯ ಜೀಪುಗಳ ಸಾಲನ್ನು ಕಂಡವರಿಗೆ ವಿವರಣೆ ಬೇಕಿಲ್ಲ. 2011ರ ಜನಗಣತಿಯ ಪ್ರಕಾರ ಕೊಡಗಿನ ಒಟ್ಟು ಜನಸಂಖ್ಯೆ ಐದೂವರೆ ಲಕ್ಷವನ್ನು ಸ್ವಲ್ಪ ಮೀರಿದುದು. ಅಷ್ಟು ಜನರಿಗಾಗಿ ಏರ್ಪಟ್ಟ ರಸ್ತೆ, ಚರಂಡಿ, ಕಸದ ಬಂಡಿಗಳು ರಜೆಯ ಸಾಲಿನಲ್ಲಿ ಮೇಲಿಂದ ಬಂದು ಬೀಳುವ ಜನಸಮೂಹವನ್ನೂ ಹೊರಬೇಕಾಗಿದೆ. 2018ರ ಆಗಸ್ಟಿನ ಭೂಕುಸಿತಗಳನ್ನೆಲ್ಲ ಪ್ರವಾಸೋದ್ಯಮದ ತಲೆಗೆ ಕಟ್ಟುವುದು ಅನ್ಯಾಯ. ಅಂದಿನ ಮಳೆ ಅಸಾಧಾರಣವಾದುದು. ಆದರೂ ಇಳಿಜಾರುಗಳನ್ನು ಕಡಿದು ಕದಲಿಸಿದ ಮನುಷ್ಯನ ಕೈಯನ್ನು ಭೂವಿಜ್ಞಾನಿಗಳು ಅಂದು ಗುರುತಿಸಿದರು. ಆ ಕೈ ಕೆಲವು ಕಡೆ ರಸ್ತೆಯದು, ಕೆಲವು ಕಡೆ ಮನೆಯದು, ಕೆಲವು ಕಡೆ ರೆಸಾರ್ಟಿನದು.

ಊರೇ ಮಿತಿಯನ್ನು ಹಾಕಿಕೊಂಡ ಉದಾಹರಣೆಗಳು ದೇಶದಲ್ಲಿ ಇಲ್ಲವೇ ಎಂದರೆ, ಉಂಟು; ಅವು ಬಹುಮಟ್ಟಿಗೆ ಹಿಮಾಲಯದ ಕಡೆಯವು. ಉತ್ತರ ಸಿಕ್ಕಿಮಿನ ಲಾಚೆನ್ ಗ್ರಾಮದಲ್ಲಿ ಜುಮ್ಸಾ ಎಂಬ ಪುರಾತನವಾದ ಗ್ರಾಮಸಭೆಯಿದೆ. ಅದರ ಮುಖ್ಯಸ್ಥನಿಗೆ ಪಿಪೊನ್ ಎಂದು ಹೆಸರು. ಗುರುಡೊಂಗ್ಮಾರ್ ಸರೋವರಕ್ಕೆ ಹೋಗತಕ್ಕ ಪ್ರವಾಸಿಗಳೆಲ್ಲ ಆ ಊರಿನಲ್ಲಿ ರಾತ್ರಿ ತಂಗುತ್ತಾರಾದ ಕಾರಣ, ಅವರು ಬಿಸುಟ ನೀರಿನ ಬಾಟಲಿಗಳ ರಾಶಿ ಬೆಳೆಯುತ್ತಿರುವುದನ್ನು ಕಂಡ ಜುಮ್ಸಾ 2012ರಲ್ಲಿ ಬಾಟಲಿ ನೀರನ್ನು ಊರಿನಲ್ಲಿ ನಿಷೇಧಿಸಿತು. ಇಡೀ ಸಿಕ್ಕಿಂ ರಾಜ್ಯ ಅಂತಹ ನಿಷೇಧಕ್ಕೆ ಬಂದುದು ಹತ್ತು ವರ್ಷ ತಡವಾಗಿ, 2022ರಲ್ಲಿ. ಮುಂದೆ ನಡೆದದ್ದು ಹಳ್ಳಿ, ಅದನ್ನು ಅನುಸರಿಸಿದ್ದು ರಾಜಧಾನಿ ಎಂಬ ವ್ಯಂಗ್ಯಕ್ಕೆ ಅಲ್ಲಿ ಎಡೆಯಿಲ್ಲ, ಏಕೆಂದರೆ ಜುಮ್ಸಾಕ್ಕೆ ಕಾನೂನಿನ ಮಾನ್ಯತೆ ಇತ್ತು, ಮಾತಿಗೆ ಬೆಲೆ ಇತ್ತು, ದಂಡ ವಿಧಿಸುವ ಹಕ್ಕಿತ್ತು. ಹಾಗೆಂದು ಗ್ರಾಮಸಭೆಯು ಸರ್ವಶಕ್ತವೆಂದು ಭ್ರಮಿಸಬೇಕಾಗಿಲ್ಲ: 2023ರ ಅಕ್ಟೋಬರಿನಲ್ಲಿ ಮೇಲಿನ ಹಿಮಸರೋವರವೊಡೆದು ತೀಸ್ತಾ ನದಿಯ ಪ್ರಳಯ ಚುಂಗ್‌ಥಾಂಗಿನ ಅಣೆಕಟ್ಟನ್ನೇ ಕೊಚ್ಚಿಕೊಂಡು ಹೋದಾಗ, ಲಾಚೆನ್ ದ್ವೀಪದಂತಾಗಿ ಪ್ರವಾಸಿಗಳೊಡನೆ ಸಿಕ್ಕಿಬಿದ್ದಿತು. ಬಾಟಲಿಯನ್ನು ಊರು ತಡೆಯಬಲ್ಲದು; ಕಣಿವೆಯ ಭವಿಷ್ಯವನ್ನು ನಿರ್ಧರಿಸುವ ಯೋಜನೆಗಳು ಬೇರೆ ಕಡೆ ಆಗುತ್ತವೆ.

ಲಡಾಖಿನ ಹೆಮಿಸ್ ರಾಷ್ಟ್ರೀಯ ಉದ್ಯಾನದ ರುಂಬಕ್ ಹಳ್ಳಿಯದು ಇನ್ನೊಂದು ಬಗೆ. ಹಿಮಚಿರತೆ ಅಲ್ಲಿಯವರ ಕುರಿಮೇಕೆಗಳನ್ನು ಕೊಲ್ಲುತ್ತಿತ್ತು. ಅವರು ಸಿಟ್ಟಿನಿಂದ ಅದನ್ನು ಕೊಲ್ಲುತ್ತಿದ್ದರು. ಈ ಶತಮಾನದ ಆರಂಭದ ವರ್ಷಗಳಲ್ಲಿ ಸಂರಕ್ಷಣಾ ಸಂಸ್ಥೆಯೊಂದರ ನೆರವಿನಿಂದ ಅಲ್ಲಿಯ ಕುಟುಂಬಗಳು ಚಾರಣಿಗರನ್ನು ಮನೆಗಳಲ್ಲಿ ಇರಿಸಿಕೊಳ್ಳಲು ತೊಡಗಿದುವು. ಬಂದವರು ತಮಗೆ ಬೇಕಾದ ಮನೆಗೆ ಹೋಗುವಂತಿಲ್ಲ. ಸರದಿಯ ಪ್ರಕಾರ ಯಾವ ಮನೆಯ ಪಾಳಿಯೋ ಆ ಮನೆಗೆ ಹೋಗಬೇಕು. ಆದಾಯದ ಒಂದು ಪಾಲು ಹಳ್ಳಿಯ ನಿಧಿಗೆ. ಹೀಗೆ ಹಿಮಚಿರತೆಯು ಶತ್ರುವೆಂಬ ಸ್ಥಾನದಿಂದ ಅನ್ನದಾತನೆಂಬ ಸ್ಥಾನಕ್ಕೆ ಏರಿತೆಂದರೆ ಉತ್ಪ್ರೇಕ್ಷೆಯಾದೀತಾದರೂ, ಅದು ಬದುಕಿರುವುದೇ ಲಾಭವೆಂಬ ಲೆಕ್ಕ ಹಳ್ಳಿಗರಿಗೆ ಅರ್ಥವಾಯಿತು. ಸರದಿಯ ನಿಯಮ ನನಗೆ ಬಹಳ ಹಿಡಿಸಿದೆ. ಊರಿನೊಳಗೆ ಒಬ್ಬ ಸಿರಿವಂತನಾಗಿ ಉಳಿದವರು ಅವನ ಪರಿಚಾರಕರಾಗುವ ಅಪಾಯವನ್ನು ಅದು ಮೊಳಕೆಯಲ್ಲಿಯೇ ಚಿವುಟಿತು. ಇದರ ಜೊತೆಗೆ ಕೇರಳದ ಪೆರಿಯಾರ್ ಕಾಡಿನಲ್ಲಿ ವಯನ ಮರದ ತೊಗಟೆಯನ್ನು ಕದ್ದು ಸುಲಿಯುತ್ತಿದ್ದವರನ್ನೇ ಅರಣ್ಯದ ಮಾರ್ಗದರ್ಶಕರನ್ನಾಗಿ ಮಾಡಿದುದನ್ನೂ, ಕುಮರಕಮ್ಮಿನಲ್ಲಿ 2008ರಿಂದ ಕುಟುಂಬಶ್ರೀ ಸಂಘಗಳ ಹೆಂಗಸರು ಬೆಳೆದ ತರಕಾರಿಯನ್ನು ಹೋಟೆಲುಗಳು ಕೊಳ್ಳುವಂತೆ ಪಂಚಾಯತಿಯ ಸಹಯೋಗದಿಂದ ಏರ್ಪಡಿಸಿದುದನ್ನೂ ಸೇರಿಸಿಕೊಳ್ಳಬಹುದು. ಕುಮರಕಮ್ಮಿನ ಏರ್ಪಾಡಿನ ಜೀವಾಳವಿದ್ದುದು ಒಂದು ಶುಷ್ಕವಾದ ವಿವರದಲ್ಲಿ: ಬೆಲೆಯನ್ನು ಗೊತ್ತುಮಾಡಲು ಒಂದು ಸಮಿತಿ, ಗುಣಮಟ್ಟವನ್ನು ನೋಡಲು ಇನ್ನೊಂದು ಸಮಿತಿ. ಆದರ್ಶದ ಭಾಷಣ ಎಷ್ಟಿದ್ದರೂ, ಬೆಂಡೆಕಾಯಿಗೆ ಇಂದು ಎಷ್ಟು ಎಂಬುದು ತೀರ್ಮಾನವಾಗದೆ ಬೆಂಡೆಕಾಯಿ ಹೋಟೆಲಿನ ಅಡುಗೆಮನೆಯನ್ನು ಸೇರದು.

ಈಗ ನನ್ನ ವಾದದ ದುರ್ಬಲವಾದ ಭಾಗಕ್ಕೆ ಬರುತ್ತೇನೆ. ಊರು ಎಂಬುದು ನಿಷ್ಕಳಂಕವಾದ ವಸ್ತುವಲ್ಲ. ವಿರೂಪಾಪುರ ಗಡ್ಡೆಯ ಕಟ್ಟಡಗಳಿಗೆ ಭೂಮಿಯನ್ನು ಕೊಟ್ಟವರಲ್ಲಿ ಆ ಊರಿನವರಿದ್ದರು. ಪಂಚಾಯತಿಯ ಸದಸ್ಯನೇ ರೆಸಾರ್ಟಿನ ಒಡೆಯನೋ, ಜೀಪಿನ ಮಾಲೀಕನೋ ಆಗಿರುವ ಕಡೆ ಗ್ರಾಮಸಭೆಯ ಒಪ್ಪಿಗೆಯೆಂದರೆ ಅವನ ಒಪ್ಪಿಗೆಯೇ. ರುಂಬಕ್ ಕೆಲವೇ ಮನೆಗಳ ಹಳ್ಳಿ, ಲಾಚೆನ್ ಒಂದೇ ಕುಲಮೂಲದ ಜನರ ಹಳ್ಳಿ; ಹತ್ತಾರು ಜಾತಿಗಳೂ ಭೂಮಾಲಿಕರೂ ಭೂಹೀನರೂ ಒಟ್ಟಿಗಿರುವ ನಮ್ಮ ಬಯಲುಸೀಮೆಯ ಊರಿಗೆ ಆ ಉಡುಪನ್ನು ಹಾಗೆಯೇ ತೊಡಿಸಲಾಗದು. ಈ ಆಕ್ಷೇಪವನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಆದರೆ ಇದರಿಂದ ಸಿದ್ಧವಾಗುವುದು ಊರಿಗೆ ಅಧಿಕಾರ ಬೇಡವೆಂಬುದಲ್ಲ. ಆ ಅಧಿಕಾರ ಬಹಿರಂಗವಾಗಿ, ಬರವಣಿಗೆಯಲ್ಲಿ, ಹೆಂಗಸರೂ ಕೂಲಿಯವರೂ ಕುಳಿತ ಸಭೆಯಲ್ಲಿ ಚಲಾಯಿಸಲ್ಪಡಬೇಕು ಎಂಬುದು. ಇಲಾಖೆಯ ಕಛೇರಿಯಲ್ಲಿ ಪಕ್ಷಪಾತವಿಲ್ಲವೆಂದೂ ಲಂಚವಿಲ್ಲವೆಂದೂ ಪ್ರಮಾಣ ಮಾಡಬಲ್ಲವರು ಮುಂದೆ ಬಂದರೆ ಆಮೇಲೆ ಗ್ರಾಮಸಭೆಯ ದೋಷಗಳನ್ನು ಲೆಕ್ಕಹಾಕೋಣ.

ಇನ್ನೊಂದು ಆಕ್ಷೇಪವೂ ಉಂಟು: ಊರೂರೂ ಬಾಗಿಲು ಹಾಕಿಕೊಂಡರೆ ಜನ ಪಕ್ಕದ ಊರಿಗೆ ನುಗ್ಗುತ್ತಾರೆ. ಗಡ್ಡೆಯಿಂದ ಸಣಾಪುರಕ್ಕೆ ಆದದ್ದು ಅದೇ. ಪ್ರದೇಶದ ಮಟ್ಟದಲ್ಲಿ ಒಂದು ಯೋಜನೆ ಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಾಗಿಲ್ಲ. ಜಿಲ್ಲೆಯು ತಾಲ್ಲೂಕುಗಳ ನಡುವೆ ಪ್ರವಾಹವನ್ನು ಹಂಚಲಿ. ಆದರೆ ಪ್ರತಿ ಊರೂ ತಾನು ಹೊರಬಲ್ಲ ಭಾರವನ್ನು ತಾನೇ ಹೇಳಲಿ. ಆ ಭಾರವನ್ನು ಯಾವ ತಿಂ‍ಗಳಿನಲ್ಲಿ ಅಳೆಯಬೇಕು? ಮಳೆಗಾಲದ ಹಸಿರಿನಲ್ಲಿ ಅಳೆದರೆ ಎಲ್ಲ ಊರೂ ಲಕ್ಷ ಜನರನ್ನು ಸಾಕಬಲ್ಲದೆಂದು ತೋರೀತು. ಅಳೆಯತಕ್ಕದ್ದು ಏಪ್ರಿಲ್ ಮೇ ತಿಂಗಳುಗಳಲ್ಲಿ, ಊರಿನ ಕೊಳವೆಬಾವಿಯ ನೀರು ಎಷ್ಟು ಅಡಿ ಕೆಳಗಿದೆಯೆಂಬುದನ್ನು ನೋಡಿಕೊಂಡು. ಶಾಲೆಗೆ ರಜೆ ಬರುವುದೂ ಆಗಲೇ, ಮಹಾನಗರದವರು ಕುಟುಂಬಸಮೇತ ಹೊರಡುವುದೂ ಆಗಲೇ. 2018ರ ಬೇಸಗೆಯಲ್ಲಿ ಶಿಮ್ಲಾ ನಗರವು ನೀರಿಲ್ಲದೆ, ದಯವಿಟ್ಟು ಬರಬೇಡಿರಿ ಎಂದು ಪ್ರವಾಸಿಗಳನ್ನು ಬೇಡಿಕೊಂಡ ಕೂಗು ಕೇಳಿಬಂದದ್ದೂ ಮೇ ತಿಂಗಳ ಕೊನೆಯಲ್ಲಿಯೇ.

ಹಂಚುವುದೆಂದರೆ ಎಲ್ಲಿಗೆ? ನಮ್ಮಲ್ಲಿ ಸ್ಥಳಗಳ ಕೊರತೆಯಿಲ್ಲ. ಹಂಪೆಗೆ ಬಂದವರಲ್ಲಿ ನೂರಕ್ಕೆ ಎಷ್ಟು ಮಂದಿ, ಶಾಸನವೊಂದು ದೇವಾಲಯ ಚಕ್ರವರ್ತಿಯೆಂದು ಹೊಗಳಿದ, 1112ರಲ್ಲಿ ಕಟ್ಟಲ್ಪಟ್ಟ ಇಟಗಿಯ ಮಹಾದೇವ ಗುಡಿಯನ್ನು ನೋಡಿ ಹೋಗುತ್ತಾರೆ? ಲಕ್ಕುಂಡಿಯ ಮೆಟ್ಟಿಲುಬಾವಿಗಳ ಮುಂದೆ ನಿಲ್ಲುವವರೆಷ್ಟು? 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಯನ್ನು ಸೇರಿದುವು. ಆ ಮೂರರಲ್ಲಿ ಸೋಮನಾಥಪುರ ಇನ್ನೂ ಹಳ್ಳಿಯಾಗಿಯೇ ಉಳಿದಿದೆ. ಹೊಸ ಸ್ಥಳಗಳಿಗೆ ಜನರನ್ನು ತಿರುಗಿಸುವುದು ಸರಿ. ಆದರೆ ಊರಿನವರ ಒಪ್ಪಿಗೆ, ಊರಿನ ಪಾಲು, ಊರಿನ ಮಿತಿ ಈ ಮೂರನ್ನೂ ಮೊದಲೇ ಗೊತ್ತುಮಾಡದೆ ತಿರುಗಿಸಿದರೆ ಹಂಪೆಯ ರೋಗವನ್ನು ಇಟಗಿಗೆ ಅಂಟಿಸಿದಂತಾಗುವುದೇ ಹೊರತು ಪ್ರವಾಸೋದ್ಯಮದ ವಿಕೇಂದ್ರೀಕರಣವಾಗುವುದಿಲ್ಲ.

ಆದುದರಿಂದ ಪ್ರಯೋಗವೊಂದನ್ನು ಇಂತಹ ಊರುಗಳಿಂದಲೇ, ಜನಸಂದಣಿ ಇನ್ನೂ ಮುತ್ತಿಗೆ ಹಾಕುವ ಮುನ್ನವೇ ಆರಂಭಿಸುವುದು ವಿವೇಕ. ಇಟಗಿ, ಸೋಮನಾಥಪುರ, ಇನ್ನೊಂದೆರಡು ಮಲೆನಾಡಿನ ಹಳ್ಳಿಗಳನ್ನು ಆರಿಸಿಕೊಂಡು, ವಾಹನ ನಿಲುಗಡೆಯ ಶುಲ್ಕವನ್ನು ಪೂರ್ತಿಯಾಗಿಯೂ ಕೊಠಡಿಗಳ ತೆರಿಗೆಯಲ್ಲಿ ಒಂದು ನಿಶ್ಚಿತ ಪಾಲನ್ನೂ ಗ್ರಾಮ ಪಂಚಾಯತಿಗೆ ಬಿಟ್ಟುಕೊಡಬೇಕು. ಹೋಂಸ್ಟೇಯ ಪರವಾನಗಿ ಅದೇ ಊರಿನಲ್ಲಿ ವಾಸವಿರುವವರಿಗೆ ಮಾತ್ರ ಸಲ್ಲಬೇಕು. ವರ್ಷಕ್ಕೆ ಎರಡು ಸಲ, ಒಮ್ಮೆ ಬೇಸಗೆಯಲ್ಲಿ ಒಮ್ಮೆ ಮಳೆ ನಿಂತ ಮೇಲೆ, ನೀರಿನ ಲೆಕ್ಕವನ್ನೂ ಕಸದ ಲೆಕ್ಕವನ್ನೂ ಹಣದ ಲೆಕ್ಕವನ್ನೂ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ, ಮುಂದಿನ ಆರು ತಿಂಗಳಿಗೆ ದಿನಕ್ಕೆ ಇಷ್ಟು ವಾಹನ ಎಂಬ ಸಂಖ್ಯೆಯನ್ನು ಅಲ್ಲಿಯೇ ನಿರ್ಣಯಿಸಬೇಕು. ಆ ಸಂಖ್ಯೆಯನ್ನು ಜಿಲ್ಲಾಡಳಿತ ತಗ್ಗಿಸಬಹುದು, ಹೆಚ್ಚಿಸಕೂಡದು. ಸೋಮನಾಥಪುರದಲ್ಲಿ ವಾಹನ ನಿಲುಗಡೆಗೆ ಇನ್ನಷ್ಟು ಜಾಗ, ಇನ್ನೊಂದು ಉಪಾಹಾರಗೃಹ ಎಂಬ ಪ್ರಸ್ತಾವ ಮೈಸೂರಿನ ಯಾವುದೇ ಕಛೇರಿಯಲ್ಲಿ ಟೆಂಡರಿನ ರೂಪ ತಾಳುವುದಕ್ಕಿಂತ ಮೊದಲು ಆ ಊರಿನ ಗ್ರಾಮಸಭೆಯ ಕಾರ್ಯಸೂಚಿಯಲ್ಲಿ ಬರಲಿ. ಅಲ್ಲಿ ಬೇಡವೆಂದು ತೀರ್ಮಾನವಾದರೆ ಆ ಕಡತ ಅಲ್ಲಿಗೇ ಮುಚ್ಚಲಿ.